ಪಾಯಸದ ರುಚಿ ನೋಡದ ಭಟ್ಟ

ಶಿಕಾರಿಪುರದಲ್ಲಿ ಆಗ ಯಾರ ಮನೆಯಲ್ಲಿ ಮದುವೆ ಗೊತ್ತಾದರೂ ಮೊದಲು ಪುರೋಹಿತರಿಗೆ ಹೇಳಿಕಳಿಸುತ್ತಿದ್ದರು, ಆಮೇಲೆ ನನಗೆ. ಪುರೋಹಿತರು ಸಿಗದಿದ್ದರೆ ಬೇರೆಯವರನ್ನು ಕರೆಸುತ್ತಿದ್ದರು. ನಾನು ಸಿಗದಿದ್ದರೆ ಮುಹೂರ್ತವನ್ನೇ ಮುಂದಕ್ಕೆ ಹಾಕುತ್ತಿದ್ದರು. ಇದು ನಾನು ಹೇಳುತ್ತಿದ್ದ ಮಾತು. ನನ್ನ ಹೆಂಡತಿ ಸಾವಿತ್ರಿ ಇದನ್ನು ಒಮ್ಮೆಯೂ ಒಪ್ಪಿದವಳಲ್ಲ.

ನಾನು ಮದುವೆ ಮನೆಗಳ ಅಡಿಗೆಭಟ್ಟ. ಕೈಗಿಂತ ನನಗೆ ನಾಲಗೆಯ ಮೇಲೆ ಹೆಮ್ಮೆ ಹೆಚ್ಚು. ನೈವೇದ್ಯಕ್ಕೆ ಮುಂಚೆ ಅಡಿಗೆಯ ರುಚಿ ನೋಡಬಾರದು ಎಂಬುದು ಶಾಸ್ತ್ರ. ಅದಕ್ಕೆ ನಾನು ಮೊದಲು ದೇವರಿಗೆ ಒಂದು ಬಟ್ಟಲು ತೆಗೆದಿಟ್ಟು, ದೇವರದು ಮುಗಿದಿರಬಹುದು ಎಂದುಕೊಂಡು ನನ್ನದನ್ನು ಶುರುಮಾಡುತ್ತಿದ್ದೆ. ಒಂದು ಚಮಚದಲ್ಲಿ ತಿಳಿಯುವುದನ್ನು ನಾಲ್ಕು ಚಮಚದಲ್ಲಿ ಖಚಿತಪಡಿಸಿಕೊಳ್ಳುತ್ತಿದ್ದೆ. ಇಪ್ಪತ್ತು ವರ್ಷ ಹೀಗೆ ನಡೆಯಿತು.

ನಲವತ್ತಾರನೆಯ ವಯಸ್ಸಿನಲ್ಲಿ ಬಾಯಾರಿಕೆ ಹತ್ತಿಕೊಂಡಿತು. ಒಲೆಯ ಮುಂದೆ ನಿಲ್ಲುವವನಿಗೆ ಬಾಯಾರದೆ ಇನ್ನಾರಿಗೆ ಬಾಯಾರಬೇಕು ಎಂದುಕೊಂಡೆ. ಸೊಂಟದಲ್ಲಿ ಪಂಚೆ ನಿಲ್ಲದಾಯಿತು. ಬಟ್ಟೆ ಹಳೆಯದಾಗಿದೆ ಎಂದುಕೊಂಡೆ. ಕೊನೆಗೆ ಸಾವಿತ್ರಿಯೇ ಹೇಳಿದಳು.

"ರೀ, ಹಿತ್ತಲಲ್ಲಿ ನೀವು ಒಂದಕ್ಕೆ ಹೋಗಿ ಬರೋ ಜಾಗಕ್ಕೇ ಇರುವೆ ಮುತ್ಕೊಳ್ತಾವೆ. ಡಾಕ್ಟರಿಗೆ ತೋರಿಸ್ಕೊಂಡು ಬರ್ರಿ."

"ಇರುವೆಗೂ ನನ್ನ ಕೈಗುಣ ಗೊತ್ತು ಕಣೆ," ಎಂದೆ. ಅವಳು ನಗಲಿಲ್ಲ.

ಡಾಕ್ಟರು ಒಂದು ಗಾಜಿನ ನಳಿಗೆಯಲ್ಲಿ ನೀಲಿ ಔಷಧ ಹಾಕಿ, ಅದಕ್ಕೆ ನಾನು ಕೊಟ್ಟ ಮೂತ್ರದ ಎಂಟು ಹನಿ ಬಿಟ್ಟು, ಸ್ಪಿರಿಟ್ ದೀಪದ ಮೇಲೆ ಕಾಯಿಸಿದರು. ನೀಲಿ ಹಸಿರಾಯಿತು, ಹಸಿರು ಹಳದಿಯಾಯಿತು, ಕೊನೆಗೆ ಒಳ್ಳೆಯ ಇಟ್ಟಿಗೆ ಬಣ್ಣಕ್ಕೆ ಬಂದು ನಿಂತಿತು. ಪಾಕ ಹದಕ್ಕೆ ಬಂದಾಗ ಆಗುವಂತೆ ನನಗೆ ತೃಪ್ತಿಯೇ ಆಯಿತು. ಡಾಕ್ಟರಿಗೆ ಆಗಲಿಲ್ಲ.

"ಸಕ್ಕರೆ ಕಾಯಿಲೆ. ಇನ್ನು ಮೇಲೆ ಸಿಹಿ ಮುಟ್ಟಬೇಡಿ. ಅನ್ನ ಅರ್ಧ. ಹೊಸ ಮಾತ್ರೆ ಬಂದಿದೆ, ಊಟಕ್ಕೆ ಮುಂಚೆ ಒಂದು ನುಂಗಿ. ನಿಮ್ಮ ಕೆಲಸ ಏನು?"

ಹೇಳಿದೆ. ಅವರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. ಅಷ್ಟು ಮರುಕದಿಂದ ಯಾರೂ ನನ್ನನ್ನು ಅಲ್ಲಿಯವರೆಗೆ ನೋಡಿರಲಿಲ್ಲ.

ಮನೆಗೆ ಬಂದು ಸಾವಿತ್ರಿಯ ಹತ್ತಿರ ಆಣೆ ಮಾಡಿಸಿಕೊಂಡೆ. ಈ ವಿಷಯ ಹೊಸ್ತಿಲು ದಾಟಬಾರದು. ಪಾಯಸದ ರುಚಿ ನೋಡದ ಭಟ್ಟನನ್ನು ಯಾರು ಕರೆಯುತ್ತಾರೆ?

ಗುಟ್ಟು ಒಂಬತ್ತು ದಿನ ಉಳಿಯಿತು. ಹತ್ತನೆಯ ದಿನ ನನ್ನ ಹಿತ್ತಾಳೆ ಪಾತ್ರೆಗಳನ್ನು ಕಲಾಯಿಗೆ ಕೊಡಲು ಖಾಸಿಂ ಸಾಬರ ಹತ್ತಿರ ಹೋದೆ. ಪೇಟೆಯ ಬೇವಿನ ಮರದ ಕೆಳಗೆ ಅವರ ತಿದಿ, ಕೆಂಡ, ತವರದ ಸರಂಜಾಮು. ನನಗಿಂತ ಹತ್ತು ವರ್ಷ ದೊಡ್ಡವರು, ಮಾತು ಕಡಿಮೆ. ಅವರು ಒಂದು ಚರಿಗೆಗೆ ಕಲಾಯಿ ಹಾಕಿ ಮುಗಿಸುವುದರಲ್ಲಿ ನಾನು ಪಕ್ಕದ ಬಾವಿಯಿಂದ ಮೂರು ಸಲ ನೀರು ಸೇದಿ ಕುಡಿದೆ.

ಅವರು ತಲೆ ಎತ್ತದೆ ಕೇಳಿದರು. "ಎಷ್ಟು ತಿಂಗಳಾತು ಭಟ್ರೇ?"

"ಏನು?"

"ಅದೇ. ನನಗಿರೋದು."

ಅವರಿಗೆ ನಾಲ್ಕು ವರ್ಷದಿಂದ ಇತ್ತಂತೆ. ಅಷ್ಟು ದೊಡ್ಡ ಪೇಟೆಯಲ್ಲಿ, ಹಗಲು ಹೊತ್ತಿನಲ್ಲಿ, ಕಲಾಯಿ ಸಾಬರ ಮುಂದೆ ನಾನು ಅತ್ತುಬಿಟ್ಟೆ. ಹೊಗೆ ಕಣ್ಣಿಗೆ ಹೋಯಿತು ಎಂದೆ. ಅವರು, "ನನಗೂ ಮೊದಮೊದಲು ಹೊಗೆ ಭಾಳ ಹೋಗ್ತಿತ್ತು," ಎಂದರು.

"ನಾಲಗೆಯೇ ಹೋದಮೇಲೆ ನಾನೆಂಥ ಭಟ್ಟ, ಸಾಬರೇ?"

"ನಾಲಗೆ ಎಲ್ಲಿ ಹೋಗ್ಯದೆ? ಬಾಯಾಗೇ ಐತಲ್ಲ. ಉಪ್ಪು, ಹುಳಿ, ಖಾರ, ಎಲ್ಲಾ ನಿಮ್ದೇ. ಒಂದು ಹೋತು, ಅಷ್ಟೇ."

ಅಂದಿನಿಂದ ವಾರಕ್ಕೊಮ್ಮೆ ನಾನು ಅಲ್ಲಿಗೆ ಹೋಗತೊಡಗಿದೆ. ಅವರ ಹತ್ತಿರ ಒಂದು ನಳಿಗೆ, ಒಂದು ದೀಪ, ನೀಲಿ ಔಷಧದ ಒಂದು ಸೀಸೆ ಇದ್ದವು. ಬೆಂಕಿಯ ಮೇಲಿನ ಬಣ್ಣ ನೋಡಿ ತವರ ಹದವಾಯಿತೋ ಇಲ್ಲವೋ ಹೇಳುವ ಮನುಷ್ಯ; ನನ್ನ ನಳಿಗೆಯನ್ನು ಡಾಕ್ಟರಿಗಿಂತ ಚೆನ್ನಾಗಿ ಓದುತ್ತಿದ್ದರು. "ಇವತ್ತು ಹಳದಿ. ಮೊನ್ನೆ ಏನೋ ತಿಂದೀರಿ." "ಒಂದೇ ಒಂದು ಚಿರೋಟಿ." "ಒಂದಕ್ಕೆ ಇಷ್ಟು ಬರಂಗಿಲ್ಲ." ನಾನು ಎರಡು ಎಂದು ಒಪ್ಪಿಕೊಳ್ಳುತ್ತಿದ್ದೆ. ಅವರಿಗೆ ಮೂರು ಎಂದು ಗೊತ್ತಿರುತ್ತಿತ್ತು.

ಅವರು ನನಗೆ ಎರಡೇ ಮಾತು ಒತ್ತಿ ಹೇಳಿದ್ದು. ಕೆಲಸಕ್ಕೆ ಕರೆದವರಿಗೆ ಮೊದಲೇ ಕಾಯಿಲೆಯ ವಿಷಯ ಹೇಳಬೇಕು. ಮಾತ್ರೆ ನುಂಗಿದ ಮೇಲೆ ಊಟ ಬಿಡಬಾರದು. ಎರಡಕ್ಕೂ ಹೂಂ ಎಂದೆ. ಎರಡನ್ನೂ ಮಾಡಲಿಲ್ಲ.

ಅಷ್ಟರಲ್ಲಿ ಸೊರಬದ ನರಸಿಂಹಯ್ಯನವರ ಮಗಳ ಮದುವೆ ಬಂತು. ಊರಿನ ಹಳೆಯ ಕೊಪ್ಪರಿಗೆಗಳಿಗೆ ಕಲಾಯಿ ಆಗಬೇಕಿತ್ತು, ಅದಕ್ಕೆ ಖಾಸಿಂ ಸಾಬರಿಗೂ ಕರೆ ಬಂದಿತ್ತು. ಇಬ್ಬರೂ ಒಂದೇ ಬಸ್ಸಿನಲ್ಲಿ ಹೋದೆವು. ಶಿರಾಳಕೊಪ್ಪದಲ್ಲಿ ಬಸ್ಸು ನಿಂತಾಗ ಅವರು ಮತ್ತೆ ಕೇಳಿದರು, "ಹೇಳೀರಿ ಹೌದಲ್ಲೋ?" "ಹೇಳ್ತೀನಿ," ಎಂದೆ.

ಹೇಳಲಿಲ್ಲ. ಮದುವೆಯ ಹಿಂದಿನ ದಿನ ಲಾಡನ್ನು ರುಚಿ ನೋಡದೆ ಕಣ್ಣಳತೆಯಲ್ಲೇ ಕಟ್ಟಿ ಗೆದ್ದೆ. ಅದೇ ನನ್ನನ್ನು ಕೆಡಿಸಿದ್ದು. ಮದುವೆಯ ದಿನ ಬೆಳಿಗ್ಗೆ ಶಿಸ್ತಾಗಿ ಮಾತ್ರೆ ನುಂಗಿದೆ. ಆದರೆ ಅಡಿಗೆಭಟ್ಟ ಊಟ ಮಾಡುವುದು ಎಲ್ಲರ ಎಲೆ ಎತ್ತಿದ ಮೇಲೆ. ಹನ್ನೊಂದು ಗಂಟೆಯ ಹೊತ್ತಿಗೆ ಬೆವರು ಇಳಿಯಿತು. ಒಲೆಯ ಝಳ ಎಂದುಕೊಂಡೆ. ಕೈ ನಡುಗಿತು. ಸೌಟು ಭಾರವಾಗಿದೆ ಎಂದುಕೊಂಡೆ. ಆಮೇಲೆ ಎಲ್ಲರ ಮೇಲೂ ಸಿಟ್ಟು ಬರತೊಡಗಿತು.

ಅಲ್ಲಿಂದ ಮುಂದಿನದು ನನಗೆ ನೆನಪಿಲ್ಲ. ಕೇಳಿ ತಿಳಿದದ್ದು. ಸಹಾಯಕ್ಕಿದ್ದ ರಾಮಪ್ಪ, "ಭಟ್ರೇ, ಪಾಯಸಕ್ಕೆ ಹಾಕ್ತಿರೋದು ಉಪ್ಪು," ಎಂದನಂತೆ. "ಉಪ್ಪು ಯಾವುದು ಅಂತ ನನಗೆ ಹೇಳಿಕೊಡ್ತೀಯೇನೋ?" ಎಂದು ನಾನು ಇನ್ನೂ ಎರಡು ಬೊಗಸೆ ಹಾಕಿದೆನಂತೆ. ಸಕ್ಕರೆಯನ್ನು ಹುಳಿಗೆ ಸುರಿದೆನಂತೆ. ಹೇಗಾಯಿತು ಎಂದು ಕೇಳಲು ಬಂದ ವರನ ಸೋದರಮಾವನಿಗೆ, ಬಾಗಿಲು ಹಾಕಿಕೊಂಡು ಹೋಗು ಎಂದೆನಂತೆ. ಅಲ್ಲಿ ಬಾಗಿಲು ಇರಲಿಲ್ಲ, ಅದು ಚಪ್ಪರ. ಆಮೇಲೆ ಉಗ್ರಾಣಕ್ಕೆ ಹೋಗಿ ಸಕ್ಕರೆ ಮೂಟೆಗೆ ಒರಗಿ ಕುಳಿತುಬಿಟ್ಟೆನಂತೆ.

ಖಾಸಿಂ ಸಾಬರು ಕೆಲಸ ಮುಗಿಸಿ ಊಟಕ್ಕೆಂದು ಅಂಗಳದಲ್ಲಿ ಕಾಯುತ್ತಿದ್ದರು. ರಾಮಪ್ಪ ಹೊರಗೆ ಬಂದು, ಭಟ್ರಿಗೆ ತಲೆ ಕೆಟ್ಟಿದೆ, ಮೈಯೆಲ್ಲ ಬೆವರು ಎಂದದ್ದು ಅವರ ಕಿವಿಗೆ ಬಿತ್ತು. ಅವರು ಉಗ್ರಾಣದ ಹೊಸ್ತಿಲ ತನಕ ಬಂದು ನಿಂತರು. ಮಡಿಯ ಮನೆ. ಒಳಗೆ ಕಾಲಿಡುವಂತಿಲ್ಲ.

"ಸಕ್ಕರೆ ಕೊಡ್ರಿ, ಸಕ್ಕರೆ," ಎಂದು ಕೂಗಿದರು.

ಮದುಮಗಳ ಅಜ್ಜಿ ಗಂಗಮ್ಮ ದೊಡ್ಡ ಮನಸ್ಸಿನವರು. ಬಾಳೆಲೆಯ ತುಂಡಿನಲ್ಲಿ ಸಕ್ಕರೆ ತಂದು ಸಾಬರ ಮುಂದೆಯೇ ಇಟ್ಟರು. "ಚಹಾಕ್ಕೆ ಸಾಕಾ ಮಾರಾಯ? ಇನ್ನೂ ಬೇಕಾದ್ರೆ ಕೇಳು."

ಸಾಬರು ಎಲೆಯನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಎಲೆ ಎತ್ತಿಕೊಂಡು ಹೊಸ್ತಿಲು ದಾಟಿದರು. ನನ್ನ ಬಾಯಿ ಬಿಡಿಸಿ ಸಕ್ಕರೆ ಹಾಕಿದರು, ಗಲ್ಲ ಹಿಡಿದು, "ನುಂಗ್ರಿ ಭಟ್ರೇ, ನುಂಗ್ರಿ," ಎಂದರು. ನನಗೆ ಮತ್ತೆ ನೆನಪು ಶುರುವಾಗುವುದು ಅಲ್ಲಿಂದ. ಬಾಯಿ ತುಂಬ ಸಕ್ಕರೆ, ಎದುರಿಗೆ ಸಾಬರ ಬಿಳಿ ಗಡ್ಡ, ಬಾಗಿಲ ತುಂಬ ಜನ.

"ಏನಾಗಿದೆ ಇವರಿಗೆ?" ನರಸಿಂಹಯ್ಯನವರು ಕೇಳಿದರು.

"ಸಕ್ಕರೆ ಕಾಯಿಲೆ ಸ್ವಾಮಿ."

"ಸಕ್ಕರೆ ಕಾಯಿಲೆಯವನಿಗೆ ಸಕ್ಕರೆ ತಿನ್ನಿಸ್ತಿದೀಯಲ್ಲೋ?"

"ಹೌದ್ರಿ. ಮಾತ್ರೆ ನುಂಗಿ ಉಪವಾಸ ಅದಾರೆ. ಸಕ್ಕರೆ ಪೂರಾ ಇಳಿದ್ರೆ ಜೀವಾನೇ ಹೋಗ್ತದೆ."

ಯಾರಿಗೂ ಅರ್ಥವಾಗಲಿಲ್ಲ. ಒಬ್ಬರು ಮಡಿ ಕೆಟ್ಟಿತು ಎಂದು ಶುರುಮಾಡಿದರು. ಗಂಗಮ್ಮ ತಿರುಗಿ ನೋಡಿ, "ಎಂತ ಕೆಟ್ಟಿದ್ದು? ಉಗ್ರಾಣ ನಾಳೆ ತೊಳೀತೀನಿ. ಹೆಣ ಬಿದ್ದಿದ್ರೆ ಮದುವೆ ಯಾರು ತೊಳೀತಿದ್ರು?" ಎಂದರು. ಮಾತು ಅಲ್ಲಿಗೆ ನಿಂತಿತು.

ಆದರೆ ಪಾಯಸ ನಿಂತಿರಲಿಲ್ಲ. ಈ ಗದ್ದಲದಲ್ಲಿ ಮೊದಲ ಪಂಕ್ತಿಗೆ ಅದನ್ನು ಬಡಿಸಿಬಿಟ್ಟಿದ್ದರು. ವರನ ಕಡೆಯ ಹಿರಿಯರೊಬ್ಬರು ಒಂದು ದೊನ್ನೆ ಪೂರ್ತಿ ಕುಡಿದು, ಬೆವರು ಒರೆಸಿಕೊಂಡು, "ನಿಮ್ಮ ಸೊರಬದ ಕಡೆ ಪಾಯಸ ಹೀಗೆ ಮಾಡ್ತಾರೇನು?" ಎಂದು ಮೆಲ್ಲಗೆ ಕೇಳಿದರಂತೆ. ಬೀಗರ ಮರ್ಯಾದೆಗಾಗಿ ಆ ಮಹಾನುಭಾವರು ಎರಡನೆಯ ದೊನ್ನೆಯನ್ನೂ ಬೇಡವೆನ್ನಲಿಲ್ಲ. ಇಂದಿಗೂ ಅವರನ್ನು ನೆನೆದರೆ ನಾನು ಕೈ ಮುಗಿಯುತ್ತೇನೆ. ಲಾಡು ಇತ್ತು, ಮಾನ ಉಳಿಯಿತು. ನನ್ನದಲ್ಲ, ಮದುವೆ ಮನೆಯದು.

ಸಂಜೆ ಜಗಲಿಯ ತುದಿಯಲ್ಲಿ ನಾನು ತಲೆ ತಗ್ಗಿಸಿ ಕೂತಿದ್ದೆ. ಪಕ್ಕದಲ್ಲಿ ಸಾಬರು. ಬೈಯುತ್ತಾರೆ ಎಂದು ಕಾದೆ, ಬೈಯಲಿಲ್ಲ. ಬಾಳೆಲೆಯಲ್ಲಿ ಕಟ್ಟಿಕೊಂಡು ಬಂದಿದ್ದ ಪಲ್ಯ ಮತ್ತು ಅನ್ನವನ್ನು ನನ್ನ ಮುಂದೆ ಸರಿಸಿ, "ಅರ್ಧ ನಂದು," ಎಂದರು. ನಾವಿಬ್ಬರೂ ಎದುರುಬದುರು ಕೂತು ಉಂಡದ್ದು ಅದೇ ಮೊದಲು.

ಆಗ ಗಂಗಮ್ಮ ಬಂದು ಕಂಬಕ್ಕೆ ಒರಗಿ ನಿಂತರು. ಯಾರೂ ಇಲ್ಲವೆಂದು ಎರಡು ಸಲ ನೋಡಿಕೊಂಡರು.

"ಹೌದನಾ ಸಾಬರೇ, ಈ ಕಾಯಿಲೆ ಬಂದ್ರೆ ಬಾಯಾರಿಕೆ ಆಗ್ತದಾ?"

"ಆಗ್ತದೆ ಅಮ್ಮ."

"ಕಾಲಲ್ಲಿ ಉರಿ?"

"ಅದೂ ಆಗ್ತದೆ."

ಗಂಗಮ್ಮ ನಮ್ಮ ಪಕ್ಕದಲ್ಲೇ ಕೂತರು. "ನನಗೆ ಒಂದು ವರ್ಷ ಆತು. ಮದುವೆ ಮುಗೀಲಿ ಅಂತ ಯಾರಿಗೂ ಹೇಳಿರಲಿಲ್ಲ."

ಮರುವಾರ ಅವರು ಮಗನ ಜೊತೆ ಬಸ್ಸಿನಲ್ಲಿ ಶಿಕಾರಿಪುರಕ್ಕೆ ಬಂದರು. ಡಾಕ್ಟರಿಗೆ ತೋರಿಸಿದರು. ಅವರ ನಳಿಗೆ ನನ್ನದಕ್ಕಿಂತ ಕೆಂಪು. ಬೇವಿನ ಮರದ ಕೆಳಗೆ ನಾವು ಮೂವರಾದೆವು. ತಿಂಗಳಿಗೊಮ್ಮೆ ಅವರು ಬರುವಾಗ ನಾನು ಹಾಗಲಕಾಯಿಯ ಪಲ್ಯ ಮಾಡಿ ಒಯ್ಯುತ್ತಿದ್ದೆ. ಮುಖ ಕಿವುಚಿಕೊಂಡು ತಿನ್ನುತ್ತಿದ್ದರು. ಉಪ್ಪು ಸರಿಯಾಗಿದೆ ಎಂದು ಮಾತ್ರ ಪ್ರತಿಸಲವೂ ತಪ್ಪದೆ ಹೇಳುತ್ತಿದ್ದರು.

ನನ್ನ ಕಸುಬು ಮುಗಿಯಿತೆಂದೇ ತಿಳಿದಿದ್ದೆ. ಎರಡು ತಿಂಗಳು ಯಾರೂ ಬರಲಿಲ್ಲ. ಆಮೇಲೆ ತೊಗರ್ಸಿಯಿಂದ ಒಬ್ಬರು ಮಗನ ಮದುವೆಗೆ ಕರೆಯಲು ಬಂದರು. ಈ ಸಲ ಬಾಗಿಲಲ್ಲೇ ನಿಲ್ಲಿಸಿ ಎಲ್ಲವನ್ನೂ ಹೇಳಿದೆ. ಕಾಯಿಲೆ, ಮಾತ್ರೆ, ಉಪ್ಪಿನ ಪಾಯಸ, ಏನನ್ನೂ ಮುಚ್ಚಲಿಲ್ಲ. ಹೇಳಿ ಮುಗಿಸಿದಾಗ ಹಗುರವಾಯಿತು.

"ಹಂಗಾದ್ರೆ ಸಿಹಿ ಯಾರು ನೋಡ್ತಾರ್ರೀ?" ಎಂದು ಅವರು ಕೇಳಿದರು.

ಒಳಗಿನಿಂದ ಸಾವಿತ್ರಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. "ನಾನು ನೋಡ್ತೀನಿ. ಇವರ ಊಟದ ಹೊತ್ತೂ ನಾನೇ ನೋಡ್ತೀನಿ."

ತೊಗರ್ಸಿಯಲ್ಲಿ ಜನ ಹೋಳಿಗೆಯನ್ನು ಮೂರನೆಯ ಸಲ ಕೇಳಿ ಹಾಕಿಸಿಕೊಂಡರು. ಅವಳು ಒಂದೇ ಒಂದು ಚೂರು ಬಾಯಿಗಿಟ್ಟು ಸರಿ ಎಂದಿದ್ದಳು. ನಾಲ್ಕು ಚಮಚ ಬೇಕಾಗಲೇ ಇಲ್ಲ.

ಈಗ ನಮ್ಮ ಮನೆಗೆ ಬರುವವರು ನನ್ನ ಎದುರಿಗೇ ನಿಂತು, "ಅಮ್ಮಾರು ಅದಾರೇನ್ರೀ?" ಎಂದು ಕೇಳುತ್ತಾರೆ. ಮೊನ್ನೆ ಬಂದವರು ದಿನ, ಎಲೆಗಳ ಲೆಕ್ಕ, ಸಿಹಿ ಎಲ್ಲವನ್ನೂ ಅವಳ ಹತ್ತಿರವೇ ಮಾತಾಡಿ ಮುಗಿಸಿದರು. ಹೊರಟವರು ಏನೋ ನೆನಪಾಗಿ ನನ್ನ ಕಡೆ ತಿರುಗಿದರು.

"ನೀವೂ ಬರ್ರಿ ಭಟ್ರೇ. ಸೌದೆ ಸ್ವಲ್ಪ ಹಸಿ ಐತೆ, ಒಲೆ ಊದಾಕೆ ಒಬ್ರು ಬೇಕಾಗ್ತದೆ."

ಬರುತ್ತೇನೆ ಎಂದೆ.