ಕಂಡಕ್ಟರ್ ಕುಮಾರಸ್ವಾಮಿಯ ಹಲಸಿನ ರಜೆ

ಹೊಳವನಹಳ್ಳಿಯ ಕುಮಾರಸ್ವಾಮಿ ಬಸ್ ಕಂಡಕ್ಟರ್. ಗೊರವನಹಳ್ಳಿ ಬಸ್ಸಿನಲ್ಲಿ ಸತತ ಹನ್ನೆರಡು ದಿನ ಟಿಕೆಟ್ ಹರಿದು, ನಿಂತಲ್ಲೇ ತೂಕಡಿಸುವುದನ್ನೂ ಕಲಿತು, ಕೊನೆಗೊಂದು ರಜೆ ಗಿಟ್ಟಿಸಿದ್ದ. ಪಾಪ, ಅವನಿಗೆ ಬೇಕಾಗಿದ್ದುದು ನಿದ್ದೆಯೊಂದೇ.

ಬೆಳಿಗ್ಗೆ ಆರಕ್ಕೇ ಅವ್ವ ಶಿವರುದ್ರಮ್ಮ ಹಿತ್ತಿಲಿನಿಂದ ಕೂಗಿದರು. "ಲೇ ಕುಮಾರ, ಹಲಸಿನಣ್ಣು ಗಮ್ ಅಂತೈತೆ. ಇವತ್ತೇ ಕುಯ್ಯಬೇಕು ಕಣ್ಲಾ, ನಾಳೀಕೆ ಕೊಳ್ತೋಯ್ತದೆ."

ಮರ ನೆಟ್ಟವನು ತಾತ, ಹಣ್ಣು ಹೊತ್ತವನು ಮೊಮ್ಮಗ. ಪಡಸಾಲೆಗೆ ತಂದಿಟ್ಟದ್ದೇ ತಡ, ಜಗಳ ಶುರುವಾಯಿತು. ಅವ್ವನಿಗೆ ಕಡುಬು, ಹೆಂಡತಿ ಪುಷ್ಪಾವತಿಗೆ ದೋಸೆ, ಮಗಳು ಭುವನಾಗೆ ಫೋನಿನಲ್ಲಿ ನೋಡಿದ ಹಲ್ವ. ಮೂರು ತಲೆಮಾರೂ ಜಗಳವಿಲ್ಲದೆ ಒಪ್ಪಿದ್ದು ಒಂದನ್ನೇ. ತೊಳೆ ಬಿಡಿಸುವವನು ಕುಮಾರಸ್ವಾಮಿ.

ಕೈಗೆ ಎಣ್ಣೆ ಸವರಿಕೊಂಡ, ಮೀಸೆಗೆ ಸವರಲಿಲ್ಲ. ಮೂಗು ತುರಿಸಿಕೊಳ್ಳಲು ಹೋಗಿ ಅಂಟು ಮೀಸೆಗೆ ಹತ್ತಿತು. ಪಕ್ಕದ ಮನೆಯ ಚಿಕ್ಕಹನುಮಕ್ಕ ಗೋಡೆಯ ಮೇಲಿಂದ ಇಣುಕಿ ಕೊಬ್ಬರಿ ಎಣ್ಣೆ ಹಚ್ಚಲು ಹೇಳಿದಳು. ಎದುರು ಮನೆಯ ಸಣ್ಣರಂಗಯ್ಯ ಸೀಮೆಎಣ್ಣೆಯೇ ಸರಿ ಎಂದು ತಾನೇ ಉಜ್ಜಿದ. ಅರ್ಧ ಮೀಸೆ ಉಳಿಯಿತು.

ಬಿಡಿಸಿ ಮುಗಿದರೆ ರುಬ್ಬುವುದು, ರುಬ್ಬಿದರೆ ಹಲ್ವ ತಿರುವುವುದು. ತಳ ಹಿಡಿದರೆ ನೀನೇ ಹೊಣೆ ಎಂದು ಮಗಳು ಅಪ್ಪನ ಕೈಗೆ ಸೌಟು ಕೊಟ್ಟು ವಿಡಿಯೋ ಮಾಡುತ್ತ ಕೂತಳು. ಮೂರು ಗಂಟೆಗೆ ನೋಡಿದರೆ ಮನೆ ತುಂಬ ತಿಂಡಿ. ಬೆಳಿಗ್ಗೆಯಿಂದ ತೊಳೆ ತಿಂದೂ ತಿಂದೂ ಯಾರಿಗೂ ಹೊಟ್ಟೆಯಲ್ಲಿ ಜಾಗವಿಲ್ಲ.

ಬೀದಿಗೆಲ್ಲ ಹಂಚಿ ಮಲಗಿಬಿಡೋಣ ಎಂದು ಕುಮಾರಸ್ವಾಮಿಗೆ ಹೊಳೆಯಿತು. ಐದು ಪಾತ್ರೆ ತುಂಬಿಸಿ ಐದು ಮನೆಗೆ ಕೊಟ್ಟು ಬಂದು ಚಾಪೆ ಹಾಸಿದ. ಕಣ್ಣು ಹತ್ತುವಷ್ಟರಲ್ಲಿ ಬಾಗಿಲು ಬಡಿದ ಸದ್ದು.

ಚಿಕ್ಕಹನುಮಕ್ಕ ಪಾತ್ರೆ ಹಿಡಿದು ನಿಂತಿದ್ದಳು. ಹಿಂದೆ ಅವಳ ಗಂಡ, ಹೆಗಲ ಮೇಲೆ ಇಷ್ಟು ದೊಡ್ಡ ಹಲಸಿನ ಹಣ್ಣು.

"ಬರೀ ಪಾತ್ರೆ ಹೆಂಗ್ ಕೊಡಾದಪ್ಪ? ನಮ್ ಮರದ್ದೊಂದು ತಂದಿವ್ನಿ. ನಮ್ಮನೇಲಿ ಬಿಡ್ಸೋರಿಲ್ಲ, ನೀನು ಬಲ್ ಚೆಂದಾಗ್ ಬಿಡಿಸ್ತೀಯ."

ಆ ಬೀದಿಯಲ್ಲಿ ಪಾತ್ರೆಯನ್ನು ಬರಿದಾಗಿ ಹಿಂತಿರುಗಿಸುವ ಪದ್ಧತಿಯಿಲ್ಲ. ಮನೆಯಲ್ಲಿ ಇದ್ದುದನ್ನು ಕೊಡಬೇಕು, ಆ ತಿಂಗಳು ಎಲ್ಲರ ಮನೆಯಲ್ಲೂ ಇದ್ದುದು ಒಂದೇ. ಐದು ಗಂಟೆಯೊಳಗೆ ಪಡಸಾಲೆಯಲ್ಲಿ ಐದು ಹಣ್ಣು ಕೂತವು, ಐದೂ ಮಾಗಿದವೇ.

ಕುಮಾರಸ್ವಾಮಿಗೆ ಅಳುವೇ ಬಂತು. ಖಾಕಿ ಅಂಗಿ ಹುಡುಕುತ್ತಲೇ ಮಗಳಿಂದ ಡಿಪೋದ ಚಂದ್ರಶೇಖರ್ ಸಾಹೇಬರಿಗೆ ಫೋನ್ ಹಚ್ಚಿಸಿ, ಸ್ಪೀಕರಿನಲ್ಲಿ ಬೇಡಿಕೊಂಡ. "ಸಾರ್, ನಿದ್ದೆಗಿದ್ದೆ ಏನೂ ಬೇಡ. ಪಾವಗಡದ ರೂಟಾದ್ರೂ ಸರಿ, ಈಗ್ಲೇ ಡ್ಯೂಟಿ ಕೊಟ್ಬುಡಿ."

ಸಾಹೇಬರ ಕರುಳು ಕರಗಿತು.

"ಎಂಥಾ ನಿಯತ್ತಯ್ಯ ನಿಂದು. ಆರೋಗ್ಯನೂ ನೋಡ್ಕೋಬೇಕಲ್ವಾ? ನಿಂಗೆ ನಾನೇ ಇನ್ನೂ ಮೂರು ದಿನ ರಜೆ ಬರೀತೀನಿ. ಮನೇಲಿ ಆರಾಮಾಗಿರು."

ಅವ್ವ, ಹೆಂಡತಿ, ಮಗಳು ಮೂವರೂ ಸಾಹೇಬರನ್ನು ಬಾಯಿ ತುಂಬ ಹರಸಿದರು.