ಕಾಣದ ವೈರು, ಹದಿನಾರು ಹಾರ್ನು

ಕೆಲವರಿಗೆ ಹೋದಲ್ಲೆಲ್ಲ ಹಾವು ಎದುರಾಗುತ್ತದೆ, ಕೆಲವರಿಗೆ ನಾಯಿ. ನನಗೆ ಸದ್ದು. ಕುಡುಮಲಕುಂಟೆಯ ಒಂದು ಕಾರ್ಖಾನೆಯಲ್ಲಿ ನಾನು ಗುಮಾಸ್ತೆ. ಪಾಳಿಯ ಗಂಟೆ, ಬೆಳಗಿನ ಪ್ರಾರ್ಥನೆ, ಪ್ರಕಟಣೆ ಎಲ್ಲವೂ ನನ್ನ ಮೇಜಿನ ಕಂಪ್ಯೂಟರಿನಿಂದ ಹೊರಟು ಶೆಡ್ಡುಗಳ ಮೇಲಿನ ಹದಿನಾರು ಹಾರ್ನುಗಳಲ್ಲಿ ಮೊಳಗುತ್ತವೆ. ಹಲ್ಲಿ ಲೊಚಗುಟ್ಟಿದರೂ ಬೆಚ್ಚುವ ನನ್ನನ್ನೇ ಹುಡುಕಿ ಈ ಕೆಲಸ ಕೊಟ್ಟ ಪುಣ್ಯಾತ್ಮರು ಯಾರೋ ಗೊತ್ತಿಲ್ಲ.

೧. ಎಲ್ಲಿಗೆ ಅಂತ ಹೇಳಕ್ಕಾಗಲ್ಲ

ಇದನ್ನೆಲ್ಲ ಜೋಡಿಸಲು ಚಿಕ್ಕಬಳ್ಳಾಪುರದಿಂದ ಒಬ್ಬ ತಂತ್ರಜ್ಞರು ಬಂದಿದ್ದರು. ಪರದೆ ತೋರಿಸಿ, "ಒಂದು ಆಪ್‌ನ ಸದ್ದು ಇನ್ನೊಂದಕ್ಕೆ ಹೋಗಕ್ಕೆ ಒಳಗೊಂದು ವೈರ್ ಇದೆ ಮೇಡಂ, ಕಣ್ಣಿಗೆ ಕಾಣಲ್ಲ. ಗಂಟೆ ಹಾರ್ನಿಗೆ, ಫೋನು-ಮೀಟಿಂಗು ಹೆಡ್‌ಫೋನಿಗೆ, ಮೈಕು ರೆಕಾರ್ಡರಿಗೆ. ಟಿಕ್ ಹಾಕಿದ್ರೆ ಸಾಕು" ಎಂದರು.

"ತಪ್ಪು ಟಿಕ್ ಹಾಕಿದ್ರೆ?"

"ಸದ್ದು ಬೇರೆ ಕಡೆ ಹೋಗುತ್ತೆ."

"ಬೇರೆ ಕಡೆ ಅಂದ್ರೆ?"

"ಅದನ್ನ ಹೇಳಕ್ಕಾಗಲ್ಲ. ಕೇಳಿಸ್ದಾಗ ಗೊತ್ತಾಗುತ್ತೆ."

ಕಾಣುವ ವೈರಾದರೆ ಕಿತ್ತಾದರೂ ಹಾಕಬಹುದು. ಕಾಣದ್ದನ್ನು ಏನು ಮಾಡುವುದು? ಅದರ ಮೇಲೆ ಮ್ಯಾನೇಜರ್ ಬೇರೆ ಬಂದು, "ಆರು ತಿಂಗಳು ಪ್ರೊಬೇಷನ್ ಕಣಮ್ಮ. ಅಷ್ಟರಲ್ಲಿ ಸದ್ದು ಹೋಗಬಾರದ ಕಡೆ ಹೋದ್ರೆ, ನೀವು ಮನೆ ಕಡೆ ಹೋಗ್ತೀರಿ" ಎಂದರು. ಹೆದರಿ ಹೆದರಿಯೇ ಮೂರು ಕೆಲಸ ಬಿಟ್ಟು ಬಂದವಳು ನಾನು. ಇದು ನಾಲ್ಕನೆಯದು. ಐದನೆಯದನ್ನು ಹುಡುಕಲು ಧೈರ್ಯ ಬೇಕಲ್ಲ!

೨. ಅಮ್ಮನ ವಿಚಾರಣೆ

ನಮ್ಮಲ್ಲಿ ಮೊಬೈಲು ಒಳಗೆ ತರುವಂತಿಲ್ಲ. ಎರಡನೇ ವಾರ ಕೈವಾರದಿಂದ ಅಮ್ಮ ಕಂಪ್ಯೂಟರಿಗೇ ಕಾಲ್ ಮಾಡಿದಳು. ಹೆಡ್‌ಫೋನ್ ಹಾಕಿಕೊಂಡೆ, ಏನೂ ಕೇಳಿಸಲಿಲ್ಲ. ಆದರೆ ಕಿಟಕಿಯಾಚೆ, ಆಕಾಶವಾಣಿಯ ಹಾಗೆ, ಅಮ್ಮನ ಧ್ವನಿ:

"ಭೇದಿ ನಿಂತ್ತೇನೇ? ಬೆಳಿಗ್ಗೆಯಿಂದ ಎಷ್ಟ್ ಸಲ ಹೋದೆ?"

ನಾನು ತಪ್ಪು ಟಿಕ್ಕನ್ನು ಹುಡುಕಿ ತೆಗೆಯುವಷ್ಟರಲ್ಲಿ ಅಮ್ಮ ಮಜ್ಜಿಗೆಗೆ ಮೆಂತ್ಯ ಹಾಕುವ ಕ್ರಮವನ್ನೂ ಇಡೀ ಕಾರ್ಖಾನೆಗೆ ಹೇಳಿ ಮುಗಿಸಿದ್ದಳು.

ಮಧ್ಯಾಹ್ನ ಲಾರಿ ತುಂಬುವವರೊಬ್ಬರು ತೆಲುಗಿನಲ್ಲಿ, "ಇಪ್ಪುಡೆಟ್ಲ ಉಂದಮ್ಮಾ?", ಈಗ ಹೇಗಿದೆ ಎಂದು ಮರುಗಿದರು. ಕ್ಯಾಂಟೀನಿನ ಅಕ್ಕ ಕೇಳದೆಯೇ ಮೆಂತ್ಯದ ಮಜ್ಜಿಗೆ ತಂದಿಟ್ಟರು. ಆಮೇಲೆ ಮ್ಯಾನೇಜರ್ ಕರೆಸಿದರು.

"ಇದು ಮೊದಲನೇ ಸಲ. ತಾಯಿ ಅಂತ ಬಿಟ್ಟಿದೀನಿ. ಹೋಗಿ."

ನಾನು ಬಾಗಿಲವರೆಗೆ ಹೋದಾಗ ಹಿಂದಿನಿಂದ ಮೆಲ್ಲಗೆ ಕೇಳಿದರು, "ನಿಂತ್ತಾ?"

೩. ಗಜನಿಂಬೆ

ಕಂಪ್ಯೂಟರಿಗೆ ದೃಷ್ಟಿಯಾಗಿದೆ ಎಂದು ಅಮ್ಮ ತೀರ್ಮಾನಿಸಿ, ಬಸ್ಸಿನಲ್ಲಿ ಒಂದು ಗಜನಿಂಬೆ ಹಣ್ಣು ಕಳಿಸಿದಳು. ಆಯುಧಪೂಜೆಯ ದಿನ ಕ್ಯಾಂಟೀನಿನ ಅಕ್ಕ ಮೈಕಿಗೆ ಕುಂಕುಮವಿಟ್ಟು, ಹಣ್ಣನ್ನು ಕೀಬೋರ್ಡಿನ ಮೇಲೆ ಕೂರಿಸಿದರು. ಆ ಭಾರಕ್ಕೆ ಯಾವುದೋ ಕೀ ಒತ್ತಿಕೊಂಡು ರೆಕಾರ್ಡರ್ ಶುರುವಾಗಿದ್ದು ಯಾರಿಗೂ ಗೊತ್ತಾಗಲಿಲ್ಲ. ದೇವರ ಹಣ್ಣಲ್ಲವೆ, ಮುಟ್ಟಲು ಭಯ. ಸಂಜೆ ತೆಗೆದಾಗ ಪರದೆ ಏನೋ ಕೇಳಿತು. ಕಂಪ್ಯೂಟರ್ ಏನು ಕೇಳಿದರೂ ನಾನು 'ಹೌದು' ಎನ್ನುವವಳು. ಹೌದು ಎಂದೆ. ಬೆಳಗಿನ ಪ್ರಾರ್ಥನೆಯ ಜಾಗದಲ್ಲಿ ಆ ದಿನದ ರೆಕಾರ್ಡಿಂಗು ಹೋಗಿ ಕೂತಿತು.

ಮರುದಿನ ಕೆಲಸ ಶುರುವಾಗುವ ಮುಂಚೆ ಎಲ್ಲರೂ ಕಣ್ಣು ಮುಚ್ಚಿ ಕೈಮುಗಿದು ನಿಂತಿದ್ದಾರೆ. ಹಾರ್ನುಗಳಲ್ಲಿ, ಪೂಜೆಯ ದಿನ ನನ್ನ ಮೇಜಿನ ಬಳಿ ನಿಂತು ಹರಟಿದ್ದ ಸೇಫ್ಟಿ ಆಫೀಸರ ಧ್ವನಿ ಬಂತು: "ನಮ್ಮ ಮ್ಯಾನೇಜರ್ರು ಕುಂಬಳಕಾಯಿ ಒಡೆಯಕ್ಕೆ ಆರು ಏಟು ತಗೊಂಡ್ರು ಕಣ್ರೀ. ಕೊನೆಗೆ ಅದಕ್ಕೇ ಬೇಜಾರಾಗಿ ಒಡ್ಕೊಂಡ್ತು."

ಮ್ಯಾನೇಜರ್ ಕಣ್ಣು ಬಿಟ್ಟರು. ಮಿಕ್ಕವರು ಯಾರೂ ಬಿಡಲಿಲ್ಲ.

"ಎರಡನೇ ಸಲ. ಮೂರನೇದು ಇಲ್ಲ" ಎಂದು ನನಗೆ ಹೇಳಿ, ಸೇಫ್ಟಿ ಆಫೀಸರ ಕಡೆ ತಿರುಗಿದರು. "ಮುಂದಿನ ವರ್ಷ ನೀವೇ ಒಡೀರಿ. ನಾನು ಎಣಿಸ್ತೀನಿ."

೪. ಅಣಕು ಬೆಂಕಿ

ಐದು ತಿಂಗಳು ತುಂಬಿದವು. ಬೆಂಕಿ ಬಿದ್ದರೆ ಜನ ಹೇಗೆ ಹೊರಗೆ ಬರುತ್ತಾರೆಂದು ನೋಡಲು ಬೆಂಗಳೂರಿನಿಂದ ಇಬ್ಬರು ಅಧಿಕಾರಿಗಳು ಬಂದರು. ಅದಕ್ಕೆ ಮೊದಲು ಒಂದು ಸೈರನ್ನು, ಹಿಂದೆಯೇ ನನ್ನದೇ ದನಿಯಲ್ಲಿ ಒಂದು ಪ್ರಕಟಣೆ ಸಿದ್ಧವಿತ್ತು: "ದಯವಿಟ್ಟು ಗಾಬರಿಯಾಗದೆ ಹೊರಗೆ ಬನ್ನಿ." ಹಿಂದಿನ ಸಲ ಅದನ್ನು ಹಾಕಿದಾಗ ಯಾರೂ ಗಾಬರಿಯಾಗಲಿಲ್ಲ. ಯಾರೂ ಹೊರಗೂ ಬರಲಿಲ್ಲ. ಟೀ ಕುಡಿದು ಮುಗಿಸಿದರು, ಅಷ್ಟೆ.

ಸೇಫ್ಟಿ ಆಫೀಸರ್ ಕೈ ಬೀಸಿದರು. ಟಿಕ್ ಹಾಕಿದೆ. ಸೈರನ್ನು ನನ್ನ ಹೆಡ್‌ಫೋನಿನಲ್ಲಿ ಕಿವಿ ಸೀಳುವಂತೆ ಕೂಗಿತು. ಹೊರಗೆ ಯಾರೂ ಅಲುಗಲಿಲ್ಲ. ಮೂರನೇ ಸಲ! ಕೆಲಸ ಹೋಯಿತು! ಐದು ತಿಂಗಳ ಭಯವೆಲ್ಲ ಒಟ್ಟಿಗೆ ಬಾಯಿಗೆ ಬಂತು.

"ಅಯ್ಯೋ ಅಮ್ಮಾ! ಹೋಯ್ತು! ಎಲ್ಲಾ ಹೋಯ್ತು! ಇನ್ನೇನೂ ಉಳಿಯಲ್ಲ ಕಣಮ್ಮೋ!"

ಸೈರನ್ನು ಹೆಡ್‌ಫೋನಿಗೆ ಹೋಗಿತ್ತು. ಹಾರ್ನಿಗೆ ಹೋಗಿದ್ದು ನನ್ನ ಮೈಕು.

ಕಿಟಕಿಯಲ್ಲಿ ನೋಡುತ್ತೇನೆ, ಇಡೀ ಕಾರ್ಖಾನೆ ಓಡುತ್ತಿದೆ. ಕ್ಯಾಂಟೀನಿನ ಅಕ್ಕ ಸಾರಿನ ಸೌಟಿನ ಸಮೇತ ಓಡುತ್ತಿದ್ದಾರೆ. ಎಲ್ಲರಿಗಿಂತ ಮುಂದೆ ಮ್ಯಾನೇಜರ್, ಅವರ ಹಿಂದೆಯೇ ಪರೀಕ್ಷೆಗೆ ಬಂದ ಅಧಿಕಾರಿಗಳು. ಎಲ್ಲರೂ ಗೇಟಿನ ಹೊಂಗೆ ಮರದ ಕೆಳಗೆ ಸೇರಿದ ಮೇಲೆ ಹಿರಿಯ ಅಧಿಕಾರಿ ಏದುಸಿರು ಬಿಡುತ್ತ, "ಇಂಥ ಡ್ರಿಲ್ ನಾನು ಎಲ್ಲೂ ನೋಡಿಲ್ಲ! ಆ ಹೆಣ್ಣುಮಗಳು ಎಷ್ಟು ಚೆನ್ನಾಗಿ ಅಭಿನಯಿಸಿದ್ರು!" ಎಂದರಂತೆ. ಮರುವಾರ ಕೆಲಸ ಖಾಯಂ ಆದ ಪತ್ರ ಕೈಗೆ ಬಂತು. ನನ್ನ ಆ ಕೂಗನ್ನು ರೆಕಾರ್ಡರ್ ಹಿಡಿದಿಟ್ಟಿತ್ತು. "ಇನ್ಮೇಲೆ ಅದನ್ನೇ ಹಾಕಿ" ಎಂದು ಮ್ಯಾನೇಜರ್ ಆಜ್ಞೆ ಮಾಡಿದರು.

ಮುಂದಿನ ಡ್ರಿಲ್ಲಿಗೆ ಅದನ್ನೇ ಹಾಕಿದೆ. ಟಿಕ್ ಸರಿಯಾಗಿತ್ತು, ನಾಲ್ಕು ಸಲ ನೋಡಿದ್ದೆ. "ಎಲ್ಲಾ ಹೋಯ್ತು!" ಎಂದು ಹದಿನಾರು ಹಾರ್ನು ಒಟ್ಟಿಗೆ ಕೂಗಿದ್ದು ನೆನಪಿದೆ. ಆಮೇಲೆ ಗೊತ್ತಾದಾಗ ನಾನು ಹೊಂಗೆ ಮರದ ಕೆಳಗಿದ್ದೆ, ಎಲ್ಲರಿಗಿಂತ ಮೊದಲು, ಬರಿಗಾಲಲ್ಲಿ. ಎಲ್ಲರೂ ಬಂದು ಸೇರಿದರೂ ಕೂಗು ನಿಲ್ಲಲಿಲ್ಲ. ನಿಲ್ಲಿಸಬೇಕಾದವಳು ಇಲ್ಲಿದ್ದೆನಲ್ಲ.

"ಒಳಗೆ ಹೋಗಿ ಆಫ್ ಮಾಡಮ್ಮ" ಎಂದರು ಮ್ಯಾನೇಜರ್.

"ನಾನಂತೂ ಹೋಗಲ್ಲ ಸಾರ್" ಎಂದೆ. "ಒಳಗೆ ಯಾರೋ ಹೆಂಗಸು ಅಷ್ಟೊಂದು ಕಿರುಚ್ತಾ ಇದ್ದಾಳೆ!"