ಹುಳಾ ಬೇಕಾಗಿದ್ದಾಕಿ ನಾ ಒಬ್ಬಾಕಿ

ನಮ್ಮ ಗದಗ ಜಿಲ್ಲಾದಾಗ ಹುಳಾ ಕೊಲ್ಲಾಕ ಊರಿಗೆ ಊರ ಬೆನ್ನಿಗೆ ಪಂಪು ಕಟಗೊಂಡು ಅಡ್ಡಾಡತೈತಿ. "ಹುಳಾ ಆಗ್ಲಿ ದೇವ್ರೇ" ಅಂತ ಕೈ ಮುಗದಾಕಿ ನಾ ಒಬ್ಬಾಕಿನ. ಹಿಂಗಾಗಿ ನಾ ಬಾಯಿ ತೆಗದಲ್ಲೆಲ್ಲಾ ಏನರೆ ಒಂದು ಫಜೀತಿ ಆಗೂದು ತಪ್ಪಿದ್ದಿಲ್ಲ.

ಮೊದಲು ನನ್ನ ಕೆಲಸ ಏನಂತ ಹೇಳಿಬಿಡ್ತೀನಿ. ಕಾಲೇಜಿನ ಲ್ಯಾಬಿನಾಗ ಕಣ್ಣಿಗೆ ಕಾಣದಷ್ಟು ಸಣ್ಣ ಪಾಲಿಮರ್ ಕಣ ಮಾಡಾಕಿ ನಾನು. ನೀರಂದ್ರ ಜೀವಾ ಬಿಡೋ ಒಂದು ಸರಪಳಿ ತಗೊಂಡು, ಅದರ ತುದಿಗೆ ನೀರಂದ್ರ ಆಗದಂಥ ಇನ್ನೊಂದು ಸರಪಳಿ ಬೆಳಸ್ಕೋತ ಹೋಗಬೇಕು. ಅದು ಬೆಳದಂಗೆಲ್ಲಾ ನೀರಿಗೆ ಹೆದರಿ, ಒಂದಕ್ಕೊಂದು ಮೈ ಹತ್ತಿ, ತಾವ ಗುಂಪು ಕಟ್ಟತಾವ. ಸರಪಳಿ ಗಿಡ್ಡ ಇದ್ರ ಉಂಡಿ ಆಕಾರ, ಭಾಳ ಉದ್ದಾದ್ರ ಉಬ್ಬಿದ ಪೂರಿ ಆಕಾರ. ಈ ಎರಡರ ನಡುವ ಒಂದೀಟ ಜಾಗಾದಾಗ ಮಾತ್ರ ಉದ್ದಕ ಹುಳದ ಆಕಾರ ಬರ್ತೈತಿ. ನಮ್ಮ ಗೈಡ್ ಸರ್‌ಗೆ ಬೇಕಾಗಿದ್ದು ಆ ಹುಳಾನ. "ಹುಳಾ ಬಂದ್ರ ನಿನ್ನ ಪಿಎಚ್.ಡಿ. ಮುಗೀತು ನೋಡವಾ. ಬರ್ಲಿಲ್ಲಂದ್ರ ವಿಷಯಾನ ಬದಲಿ ಮಾಡಿ ಮೊದಲಿಂದ ಸುರು ಮಾಡು" ಅಂದಿದ್ರು. ನನಗ ನೋಡಿದ್ರ ಯಾವಾಗ ಮಾಡಿದ್ರೂ ಬರೀ ಉಂಡಿ. ಅಷ್ಟು ಉಂಡಿ ಅಡಗಿಮನ್ಯಾಗ ಕಟ್ಟಿದ್ದರ ಒಂದು ಮದವಿ ಊಟಾ ಸಾಗತಿತ್ತು.

ಬಸ್ಸಿನಾಗ

ಒಂದಿನ ಮುಂಡರಗಿಯಿಂದ ಗದಗಿಗೆ ಬಸ್ಸಿನಾಗ ಬರಾಕತ್ತಿದ್ನಿ. ಸರ್ ಫೋನ್ ಮಾಡಿ "ಏನಾತವಾ?" ಅಂದ್ರು. ನನಗ ದುಃಖ ತಡಕೊಳ್ಳಾಕ ಆಗ್ಲಿಲ್ಲ. "ಏನು ಮಾಡಿದ್ರೂ ಹುಳಾ ಆಗವಲ್ವು ಸರ್! ಎಷ್ಟು ಕಾಯೂದ್ರಿ ನಾನು?" ಅಂತ ಅಳಕೋತ ಫೋನ್ ಇಟ್ನಿ.

ಬಾಜೂಕ ಡಂಬಳದ ಹಿರಿಯಾರೊಬ್ಬರು ಕುಂತಿದ್ರು. ನನ್ನ ಮಾರಿ ನೋಡಿದ್ರು, ಕಿಡಕಿ ಹೊರಗ ನೋಡಿದ್ರು, ಮತ್ತ ನನ್ನ ಮಾರಿ ನೋಡಿದ್ರು.

"ಯಾಕವಾ ತಂಗಿ, ಹುಳಾ ಆಗಿಲ್ಲಂತ ಅಳಾಕತ್ತಿ?"

"ಹೂಂನ್ರಿ."

"ಅಳಬ್ಯಾಡ. ಈಗ ನಮ್ಮೂರು ಬರ್ತೈತಿ, ಇಳಕೊಂಡು ನನ್ನ ಜೋಡಿ ಹೊಲಕ್ಕ ಬಾ. ಕಡ್ಲಿಯೊಳಗ ಬೇಕಾದಷ್ಟು ಅದಾವ. ಚೀಲ ನಾನ ಕೊಡ್ತೀನಿ, ಆರಿಸ್ಕೊಂಡು ಹೋಗು ನಮ್ಮವ್ವಾ, ನಿನಗ ಪುಣ್ಯಾ ಬರ್ತೈತಿ!"

ಚಿಗವ್ವನ ಪ್ರಶ್ನಿ

ನಮ್ಮವ್ವನ ತಂಗಿ ಶಿರಹಟ್ಟಿಯಾಕಿ. ಬೆಟಗೇರಿ ನಮ್ಮ ಮನಿಗೆ ಬಂದಾಕಿ, ಅವರಿ ಬಿಡಿಸ್ಕೋತ ಕುಂತು, "ಅಲ್ಲಬೇ, ಆ ಕಣಾ ಹೆಂಗ ಮಾಡ್ತಿ?" ಅಂತ ಕೇಳಿದ್ಳು.

ಕೇಳಿದ್ಳಲ್ಲಾ ಅಂತ ನನಗ ಖುಷಿ ಆಗಿ, "ನಾ ಮಾಡೂದಿಲ್ಲ ಚಿಗವ್ವಾ. ಅದರ ಮಜಾನ ಅಲ್ಲೈತಿ! ಎಲ್ಲಾ ಕೂಡಿಸಿ ಬಿಸಿಗಿಟ್ರ ಸಾಕು, ಅವು ತಾವ ಕೂಡಿಕೊಂಡು ತಾವ ಕಣ ಆಗ್ತಾವ" ಅಂದ್ನಿ.

"ಹಂಗಾರ ನೀ ಅಲ್ಲಿ ಏನ್ ಮಾಡ್ತಿ?"

"ನೀರು ಬೆಳ್ಳಗ ಆಗೂತನಕ ನೋಡ್ಕೋತ ಕುಂಡರ್ತೀನಿ."

ಚಿಗವ್ವ ಕೈಯಾಗಿನ ಅವರಿ ಬುಟ್ಟಿಗೆ ಒಗದ್ಳು. "ಕೆಲಸ ತಾವ ಆಗ್ಲಿ ಅಂತ ನಿಮ್ಮ ಕಾಕಾನೂ ಮದವಿ ಆದಾಗಿಂದ ನೋಡ್ಕೋತ ಕುಂತಾನ. ಅವಗ ಇನ್ನೂ ಯಾರೂ ಡಾಕ್ಟರ್ ಅಂತ ಕರದಿಲ್ಲಲ್ಲ!"

ಬೀಕರಿನ ಕೆಳಗ

ಹುಳಾ ಆತಂದ್ರ ಬಾಟ್ಲಿಯಾಗಿಂದು ಮೊಸರಿನಂಗ ಗಟ್ಟಿ ಆಗತೈತಿ, ಬಾಯಿ ಕೆಳಗ ಮಾಡಿ ಡಬ್ಬ ಹಾಕಿದ್ರೂ ಸುರಿಯಂಗಿಲ್ಲ. ನಮ್ಮ ಲ್ಯಾಬಿನ ಸಿಪಾಯಿ ಅಂತೂರ ಬೆಂತೂರ ಊರಾಂವ, ಭಾಳ ನಿಯತ್ತಿನ ಮನಷ್ಯಾ. "ಅಣ್ಣಾರ, ನಾ ಹುಡುಗರಿಗೆ ಪಾಠಾ ಹೇಳಾಕ ಹೊಂಟೀನಿ. ಹುಳಾ ಬಂದ್ರ ಓಡಿ ಬಂದು ಹೇಳ್ರಿ" ಅಂತ ಅವಂಗ ಹೇಳಿ ಹೋದ್ನಿ.

ಪಾಠ ಅರ್ಧಾ ಆಗಿರಲಿಲ್ಲ, ಬಾಗಲಾಗ ಬಂದು ನಿಂತ. "ಮೇಡಂ, ಬಂತ್ರೀ!"

ನಾ ಸೀಮೆಸುಣ್ಣಾ ಕೈಯಾಗ ಹಿಡಕೊಂಡ ಓಡಿದ್ನಿ. ಹೋಗಿ ನೋಡಿದ್ರ ಬಾಟ್ಲಿಯಾಗ ನೀರು ನೀರಿನಂಗ ಐತಿ. ಅಂವ ಮಾತ್ರ ಸಿಂಕಿನ ಬಾಜೂಕ ಡಬ್ಬ ಹಾಕಿದ್ದ ಒಂದು ಬೀಕರ್ ತೋರಿಸಿದ. ಒಳಗ ಕರೀದೊಂದು ಹುಳಾ ಗರಗರ ತಿರಗಾಕತ್ತಿತ್ತು.

"ನೀವು ಬರೂತನಕ ಓಡಿ ಹೋಗಬಾರ್ದಂತ ಮುಚ್ಚೀನ್ರಿ. ಇದು ಗಂಡೈತೋ ಹೆಣ್ಣೈತೋ ನೋಡ್ರಿ, ಜೋಡಿ ಬೇಕಂದ್ರ ಇನ್ನೊಂದು ಹುಡಕ್ತೀನಿ."

ಉಪ್ಪಿಟ್ಟಿನ ಹೊತ್ತು

ಅವತ್ತಿನ ಸಿಟ್ಟಿನ್ಯಾಗ ಎರಡನೇ ಸರಪಳಿ ಒಂಚೂರು ಉದ್ದ ಮಾಡಿ ಮತ್ತ ಬಿಸಿಗಿಟ್ನಿ. ಮರದಿನ ಬಾಟ್ಲಿ ಡಬ್ಬ ಹಾಕಿದ್ರ ಒಂದು ಹನಿ ಬೀಳಲಿಲ್ಲ! ಆದ್ರ ಸರ್, "ಗಟ್ಟಿ ಆತಂದ್ರ ಹುಳಾ ಆತು ಅಂತ ನಾ ನಂಬಂಗಿಲ್ಲ. ಧಾರವಾಡಕ್ಕ ಕಳಸು, ದೊಡ್ಡ ಮೈಕ್ರೋಸ್ಕೋಪಿನಾಗ ಫೋಟೋ ತಗೀಲಿ" ಅಂದ್ರು.

ಫೋಟೋ ಬರೂ ದಿನಾನ ಲಕ್ಷ್ಮೇಶ್ವರದಿಂದ ನನ್ನ ನೋಡಾಕ ಗಂಡಿನ ಕಡೆಯವ್ರು ಬಂದ್ರು. ಹುಡುಗ, ಅವನ ಅಪ್ಪ, ಅವ್ವ. "ಇವತ್ತೊಂದಿನ ಬಾಯಾಗ ಹುಳದ ಮಾತು ಬಂದ್ರ ನೋಡು" ಅಂತ ನಮ್ಮವ್ವ ನಂಗ ತಾಕೀತು ಮಾಡಿದ್ಳು.

ತಲಿ ಬಗ್ಗಿಸಿ ಎಲ್ಲಾರಿಗೂ ಉಪ್ಪಿಟ್ಟು ಕೊಟ್ನಿ. ಅವರು ತಿನ್ನಾಕ ಸುರು ಮಾಡಿದ್ರು. ಅಷ್ಟರಾಗ ಫೋನ್ ಟಣ್ ಅಂತು. ತೆಗದು ನೋಡಿದ್ರ ಫೋಟೋದ ತುಂಬ ಉದ್ದಕ, ಡೊಂಕ ಡೊಂಕ! ನನಗ ಮೈಮ್ಯಾಲ ಖಬರ ಉಳೀಲಿಲ್ಲ.

"ಯವ್ವಾ! ಹುಳಾ ಅದಾವಬೇ! ಎಲ್ಲಾ ಕಡೆ ಹುಳಾ! ಒಂದೂ ಉಂಡಿ ಇಲ್ಲ, ಬರೇ ಹುಳಾ!"

ಹುಡುಗನ ಅಪ್ಪನ ಚಮಚಾ ಬಾಯಿ ಹಂತೇಕ ಬಂದದ್ದು ಅಲ್ಲೇ ನಿಂತಿತು. ಅವನ ಅವ್ವ ಪ್ಲೇಟಿನಾಗಿನ ಸಾಸಿವಿ ಒಂದೊಂದ ಬಾಜೂಕ ಸರಸಾಕ ಹತ್ತಿದ್ಳು. ನಮ್ಮವ್ವ ಅಡಗಿಮನಿಯಿಂದ ಜರಡಿ ಹಿಡಕೊಂಡ ಓಡಿ ಬಂದು, "ದೇವರಾಣಿ ರವಾ ಸಾಣಿಸೀನ್ರಿ!" ಅಂದ್ಳು. ನಾ ಸಮಜಾಯಿಸಾಕ ಹೋಗಿ ಫೋಟೋ ತೋರಿಸಿದ್ನಿ. ಅದನ್ನ ನೋಡಿ ಹುಡುಗನ ಅವ್ವ ಪ್ಲೇಟ್ ಕೆಳಗಿಟ್ಟು ಸೀರಿ ಸೆರಗು ಮೂಗಿಗೆ ಹಿಡದ್ಳು. ಪಿಎಚ್.ಡಿ. ಉಳೀತು, ಸಂಬಂಧ ಹೋತು ಅಂದ್ಕೊಂಡ್ನಿ.

ಹುಡುಗ ಒಬ್ಬನ ಉಪ್ಪಿಟ್ಟು ತಿನ್ನೂದು ಬಿಟ್ಟಿರಲಿಲ್ಲ. ಅವಂದು ಲಕ್ಷ್ಮೇಶ್ವರದಾಗ ಬೆಳಿಗೆ ಹೊಡಿಯೋ ಔಷಧದ ಅಂಗಡಿ. ಫೋನ್ ಇಸಕೊಂಡು, ಹಿಗ್ಗಿಸಿ, ಭಾಳ ಹೊತ್ತು ನೋಡಿದ.

"ಇವು ಯಾವ ಔಷಧಕ್ಕ ಸಾಯ್ತಾವ್ರಿ?"

"ಸಾಯಂಗಿಲ್ರಿ. ಇವಕ್ಕ ಜೀವಾನ ಇಲ್ಲ, ಲ್ಯಾಬಿನಾಗ ನಾನ ಮಾಡಿದ್ದು" ಅಂದ್ನಿ.

ಅಂವ ಪ್ಲೇಟ್ ಖಾಲಿ ಮಾಡಿ ಅವರವ್ವನ ಕಡೆ ತಿರಗಿದ. "ಅವ್ವಾ, ಹೂಂ ಅಂದುಬಿಡು. ನಾ ಹಿಂಗ ಕೊಲ್ಲಕೋತ ಹೋದ್ರ ಒಂದಿನ ಹುಳಾ ತೀರಿ ಅಂಗಡಿ ಬಾಗಲಾ ಹಾಕಬೇಕಾಗತೈತಿ. ಮಾಡಾಕಿ ಒಬ್ಬಾಕಿ ಮನ್ಯಾಗ ಇರ್ಲಿ!"